ಎರಡು ನಿಮಿಷದ ವಾಫಲ್, ಇಪ್ಪತ್ತು ನಿಮಿಷದ ಅವಾಂತರ

ಗುಳಿಗುಳಿ ಅಚ್ಚಿನಲ್ಲಿ ಹಿಟ್ಟು ಬೇಯಿಸಿ ಹೆಪ್ಪುಗಟ್ಟಿಸಿದ ಫ್ರೋಜನ್ ವಾಫಲ್ ಪೆಟ್ಟಿಗೆಯ ಮೇಲೆ ‘ಎರಡೇ ನಿಮಿಷದಲ್ಲಿ ತಿಂಡಿ ಸಿದ್ಧ’ ಎಂದಿದ್ದರೆ ಅದು ಸುಳ್ಳೇನಲ್ಲ. ಕೆಲವು ಸಂಗತಿಗಳನ್ನು ಆ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೆ. ಫ್ರೀಜರಿನಲ್ಲಿ ಬಟಾಣಿ ಚೀಲದಡಿ ಹೂತುಹೋದ ಪೆಟ್ಟಿಗೆಯನ್ನು ಎಳೆದು ತೆಗೆಯುವುದು, ಅವಳಿಜವಳಿಯಂತೆ ಅಂಟಿಕೊಂಡ ಎರಡು ವಾಫಲ್‌ಗಳನ್ನು ಬಿಡಿಸುವುದು, ಟೋಸ್ಟರಿನೊಳಗೆ ಸಿಕ್ಕಿಕೊಂಡ ಮೂರನೆಯದನ್ನು ಬಗ್ಗಿ ಬಗ್ಗಿ ನೋಡುವುದು, ಕೊನೆಗೆ ಸ್ಮೋಕ್ ಅಲಾರಂ ಕೆಳಗೆ ಕುರ್ಚಿ ಹಾಕಿಕೊಂಡು ನಿಂತು ಟವೆಲ್ ಬೀಸುವುದು, ಇವೆಲ್ಲ ಕೊಂಡವರ ಸ್ವಂತ ಜವಾಬ್ದಾರಿ.

ಇಷ್ಟು ರಾದ್ಧಾಂತಕ್ಕೂ ಮೂಲ ಒಂದೇ: ನೀರು. ವಾಫಲ್ ಅಂದರೆ ನಾವು ಬೇಯಿಸಬೇಕಾದ ವಸ್ತು ಅಂದುಕೊಳ್ಳುವಲ್ಲೇ ಎಡವಟ್ಟು ಶುರುವಾಗುತ್ತದೆ. ಅದು ಕಾರ್ಖಾನೆಯಲ್ಲೇ ಬೆಂದು, ಹೊಂಬಣ್ಣಕ್ಕೆ ತಿರುಗಿ, ಆರಿ, ಆಮೇಲೆ ಹೆಪ್ಪುಗಟ್ಟಿ ಬಂದಿರುತ್ತದೆ. ಅದರ ಓದು ಮುಗಿದಿದೆ, ನಾವು ಮಾಡಬೇಕಾದ್ದು ಘಟಿಕೋತ್ಸವ ಮಾತ್ರ. ಒಳಗಿನ ಮಂಜನ್ನು ಕರಗಿಸಬೇಕು, ಹೊರಮೈಯ ನೀರನ್ನು ಓಡಿಸಬೇಕು. ಕೇಳುವುದಕ್ಕೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಮೊದಲ ಕೆಲಸಕ್ಕೆ ನಿಧಾನ ಬೇಕು, ಎರಡನೆಯದಕ್ಕೆ ಚುರುಕಾದ ಒಣ ಬಿಸಿ ಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಹೀಗಾಗಿಯೇ ಹೊರಗೆ ಇದ್ದಿಲು, ನಡುವೆ ಐಸು ಎಂಬ ಅಪೂರ್ವ ತಿನಿಸು ಎಷ್ಟೋ ಅಡುಗೆಮನೆಗಳಲ್ಲಿ ಬೆಳಗಾದರೆ ಹುಟ್ಟುತ್ತದೆ.

ಬೇಯಿಸಿದ್ದನ್ನೇ ಹೆಪ್ಪುಗಟ್ಟಿಸಿ ಮಾರುವ ಈ ಉಪಾಯವನ್ನು ಅಂಗಡಿಗಳಿಗೆ ತಂದವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಫ್ರಾಂಕ್ ಡೋರ್ಸಾ ಮತ್ತು ಅವರ ಸಹೋದರರು, 1953ರಲ್ಲಿ. ‘ಫ್ರೋಜನ್’ಗೂ ‘ವಾಫಲ್ಸ್’ಗೂ ಗಂಟುಹಾಕಿ ಅವರು ಮೊದಲಿಟ್ಟ ಹೆಸರು ‘ಫ್ರಾಫಲ್ಸ್’. ಹೇಳಿ ನೋಡಿ, ಬಾಯಲ್ಲಿ ಬಿಸಿ ವಾಫಲ್ ಇಟ್ಟುಕೊಂಡು ಮಾತಾಡಿದ ಹಾಗೇ ಕೇಳುತ್ತದೆ. ಮೊಟ್ಟೆಯ ರುಚಿ ಮುಂದಾಗಿದ್ದರಿಂದ ತಿಂದವರು ‘ಎಗ್ಗೋ’ ಎನ್ನತೊಡಗಿದರು, 1955ರಲ್ಲಿ ಅದೇ ಅಧಿಕೃತ ಹೆಸರಾಯಿತು. ಹೆಸರಿನ ಸಮಸ್ಯೆ ಎರಡು ವರ್ಷದಲ್ಲಿ ಬಗೆಹರಿಯಿತು. ನೀರಿನ ಸಮಸ್ಯೆ ಇನ್ನೂ ನಮ್ಮ ತಲೆಯ ಮೇಲಿದೆ.

ಮೊದಲ ಅಪಚಾರ ಟೋಸ್ಟರಿಗೂ ಮುಂಚೆಯೇ ನಡೆಯುತ್ತದೆ. ‘ಸ್ವಲ್ಪ ಹೊತ್ತು ಹೊರಗಿಟ್ಟರೆ ಬೇಗ ಕಾಯುತ್ತದೆ’ ಎಂದು ವಾಫಲ್‌ಗಳನ್ನು ಕಟ್ಟೆಯ ಮೇಲೆ ಹರಡಿ ಸ್ನಾನಕ್ಕೆ ಹೋಗುವವರಿದ್ದಾರೆ. ಬರುವಷ್ಟರಲ್ಲಿ ವಾಫಲ್‌ಗೂ ಸ್ನಾನವಾಗಿರುತ್ತದೆ. ತಣ್ಣನೆಯ ಮೈಗೆ ಕೋಣೆಯ ಗಾಳಿಯ ತೇವವೆಲ್ಲ ಬಂದು ಕೂತು, ಮೇಲಿದ್ದ ಮಂಜಿನ ಹರಳೂ ಕರಗಿ, ಅದು ನೆನೆದ ರಟ್ಟಿನ ಹಾಗಾಗುತ್ತದೆ. ಎತ್ತಲು ಹೋದರೆ ಅಂಚು ಕೈಗೆ, ಹೊಟ್ಟೆ ಕಟ್ಟೆಗೆ. ಫ್ರೀಜರಿನಿಂದ ನೇರ ಟೋಸ್ಟರಿಗೆ ಹೋಗಬೇಕು, ನಡುವೆ ತಂಗುದಾಣ ಇರಬಾರದು. ಎರಡು ಅಂಟಿಕೊಂಡಿದ್ದರೆ ಚಾಕುವಿನ ಮೊನೆ ತೂರಿಸಿ ಮೀಟಬೇಡಿ, ಜಾರಿದರೆ ತಿಂಡಿಗಿಂತ ಮೊದಲು ಬ್ಯಾಂಡೇಜು ಬೇಕಾಗುತ್ತದೆ. ಜೋಡಿಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟೆಗೆ ಒಮ್ಮೆ ಮೆತ್ತಗೆ ಕುಟ್ಟಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತವೆ. ಮೇಲೆ ಪುಡಿಮಂಜು ಕಂಡರೆ ಕೊಡವಿ. ಆ ಪುಡಿ ಟೋಸ್ಟರಿನೊಳಗೆ ಮೊದಲು ನೀರಾಗಿ, ಆಮೇಲೆ ಹಬೆಯಾಗಿ, ಗರಿಗರಿಯಾಗಬೇಕಾದ ಮೈಯನ್ನೇ ಬೇಯಿಸುತ್ತದೆ.

ಇನ್ನು ಟೋಸ್ಟರು. ತಾನೇ ಆರಿ, ತುಂಡನ್ನು ತಾನೇ ಮೇಲೆತ್ತಿ ಕೊಡುವ ಟೋಸ್ಟರಿಗೆ 1921ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಚಾರ್ಲ್ಸ್ ಸ್ಟ್ರೈಟ್. ಕಾರ್ಖಾನೆಯ ಊಟದ ಮನೆಯಲ್ಲಿ ದಿನಾ ಸುಟ್ಟ ಬ್ರೆಡ್ ತಿಂದು ತಿಂದು ರೋಸಿಹೋಗಿ ಅವರು ಇದನ್ನು ಮಾಡಿದ್ದು. ಅಂದರೆ ಸೀಯಬಾರದು ಎಂದೇ ಹುಟ್ಟಿದ ಯಂತ್ರ ಇದು. ಆದರೂ ಸೀಯುತ್ತದೆ, ಏಕೆಂದರೆ ಅದರ ಗುಂಡಿಯ ಮೇಲಿನ ಅಂಕಿಯನ್ನು ಎಷ್ಟೋ ಜನ ನಿಮಿಷ ಅಂದುಕೊಂಡಿರುತ್ತಾರೆ. ‘3’ ಅಂದರೆ ಮೂರು ನಿಮಿಷ ಅಂತ ಯಾರೂ ಮಾತು ಕೊಟ್ಟಿಲ್ಲ. ಬಹುತೇಕ ಟೋಸ್ಟರುಗಳಲ್ಲಿ ಅದು ಎಷ್ಟು ಕೆಂಪಾಗಬೇಕು ಎಂಬ ಮಟ್ಟ. ಒಂದು ಕಂಪನಿಯ 3 ಇನ್ನೊಂದು ಕಂಪನಿಯ 5 ಆಗಿದ್ದರೂ ಆಶ್ಚರ್ಯವಿಲ್ಲ. ಹೊಸ ಟೋಸ್ಟರ್ ಬಂದ ದಿನ ಒಂದೇ ಒಂದು ವಾಫಲ್ ಬಲಿಕೊಟ್ಟು ಪರೀಕ್ಷೆ ಮಾಡುವುದು ಜಾಣತನ. ನಾಲ್ಕನ್ನೂ ಒಟ್ಟಿಗೆ ಹಾಕಿ ಪರೀಕ್ಷೆ ಮಾಡುವುದಕ್ಕೆ ಧೈರ್ಯ ಅನ್ನಬಹುದು, ಜಾಣತನ ಅನ್ನಲಾಗದು.

ಕೆಲಸ ಮಾಡುವ ವಿಧಾನ ಇದು. ಗುಂಡಿಯನ್ನು ಕಾಲು ಭಾಗಕ್ಕಿಂತ ತುಸು ಮೇಲೆ, ಅಂದರೆ 6ರವರೆಗೆ ಅಂಕಿಯಿದ್ದರೆ 2ರಲ್ಲಿ ಇಟ್ಟು ಒಂದು ಸುತ್ತು ಬಿಸಿ ಮಾಡಿ. ಅದು ಮೇಲೆ ಹಾರಿದಾಗ ಬಣ್ಣ ಬದಲಾಗಿರುವುದಿಲ್ಲ. ‘ಇದೇನು ಆಗೇ ಇಲ್ಲ’ ಎಂದು ಸಿಟ್ಟಿನಲ್ಲಿ 6ಕ್ಕೆ ತಿರುಗಿಸುವ ಮನಸ್ಸಾಗುತ್ತದೆ. ಕೈ ಕಟ್ಟಿಕೊಳ್ಳಿ. ಮೂವತ್ತು ಸೆಕೆಂಡು ಹಾಗೇ ಬಿಡಿ. ಹೊರಗಿನ ಬಿಸಿ ಒಳಗೆ ಇಳಿದು ನಡುವಿನ ಮಂಜನ್ನು ಕರಗಿಸಲು ಆ ಬಿಡುವು ಬೇಕು. ಆಮೇಲೆ 3ರಲ್ಲಿ ಇನ್ನೊಂದು ಸುತ್ತು. ಈ ಸಲ ಒಳಗೆ ಕರಗಿಸುವುದಕ್ಕೆ ಏನೂ ಉಳಿದಿಲ್ಲದ್ದರಿಂದ ಬಿಸಿಯೆಲ್ಲ ಹೊರಮೈ ಒಣಗಿಸುವುದಕ್ಕೇ ಒದಗುತ್ತದೆ. ಹಿಮದ ಚಿತ್ರವಿರುವ ಗುಂಡಿ ನಿಮ್ಮ ಟೋಸ್ಟರಿನಲ್ಲಿದ್ದರೆ ಅದು ಮಾಡುವುದು ಹೆಚ್ಚು ಕಡಿಮೆ ಇದನ್ನೇ, ಮಂಜು ಕರಗಲು ಒಂದಿಷ್ಟು ಹೊತ್ತು ಸೇರಿಸುತ್ತದೆ. ಆ ಗುಂಡಿಯನ್ನು ಅಲಂಕಾರ ಅಂದುಕೊಂಡು ವರ್ಷಗಟ್ಟಲೆ ಮುಟ್ಟದವರ ಸಂಖ್ಯೆ ಸಣ್ಣದಲ್ಲ.

ವಾಫಲ್ ಹಿಟ್ಟಿನಲ್ಲಿ ಸಕ್ಕರೆ, ಹಾಲು, ಮೊಟ್ಟೆ ಇರುತ್ತವೆ. ಹೀಗಾಗಿ ಸಾದಾ ಬ್ರೆಡ್‌ಗಿಂತ ಬೇಗ ಕಂದುತ್ತದೆ. ಹೊಂಬಣ್ಣದಿಂದ ಕಂದಿಗೆ ಹೋಗಲು ಒಂದು ನಿಮಿಷ ತೆಗೆದುಕೊಂಡರೆ, ಕಂದಿನಿಂದ ಕಪ್ಪಿಗೆ ಹತ್ತಿಪ್ಪತ್ತು ಸೆಕೆಂಡು ಸಾಕು. ಮೊದಲ ನಿಮಿಷವೆಲ್ಲ ಕಣ್ಣಿಟ್ಟು ಕಾದು, ಸರಿಯಾಗಿ ಆ ಹತ್ತಿಪ್ಪತ್ತು ಸೆಕೆಂಡಿಗೆ ಫೋನ್ ನೋಡಲು ತಿರುಗುವುದು ಮನುಷ್ಯ ಸ್ವಭಾವ. ಇನ್ನೊಂದು ಮೋಸ ಎರಡನೇ ಸರದಿಯದು. ಮೊದಲ ಜೋಡಿ ಚಿನ್ನದಂತೆ ಬಂದಿತೆಂದು ಅದೇ ಅಂಕಿಯಲ್ಲಿ ಎರಡನೇ ಜೋಡಿ ಹಾಕಿದರೆ ಅದು ಕಪ್ಪಾಗಿ ಬರುತ್ತದೆ. ಬರಿ ಹೊತ್ತು ಎಣಿಸುವ ಟೋಸ್ಟರಿಗೆ ತಾನು ಈಗಾಗಲೇ ಕಾದಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಎರಡನೇ ಸರದಿಗೆ ಅರ್ಧ ಅಂಕಿ ಇಳಿಸಿ. ಮನೆಯಲ್ಲಿ ‘ಮೊದಲು ನಿಮಗೇ’ ಎಂದು ಉದಾರವಾಗಿ ತಟ್ಟೆ ಸರಿಸುವವರಿಗೆ ಈ ಗುಟ್ಟು ಗೊತ್ತಿಲ್ಲ, ಪಾಪ. ಕಪ್ಪನೆಯ ಜೋಡಿ ಕೊನೆಗೆ ಅವರ ಪಾಲಿಗೇ.

ದುಂಡು ವಾಫಲ್ ಬ್ರೆಡ್‌ನಷ್ಟು ಎತ್ತರವಿಲ್ಲ. ಟೋಸ್ಟರ್ ‘ಟಕ್’ ಎಂದು ಎಗರಿದಾಗ ಬ್ರೆಡ್ ತಲೆ ಹೊರಗಿಟ್ಟು ನೋಡುತ್ತದೆ, ವಾಫಲ್ ಮಾತ್ರ ಬಾವಿಯೊಳಗೇ ಉಳಿಯುತ್ತದೆ. ಇಲ್ಲಿ ಫೋರ್ಕ್ ಹಿಡಿದು ಧಾವಿಸುವುದು ತಮಾಷೆಯ ಮಾತಲ್ಲ. ಒಳಗಿನ ತಂತಿಗಳಲ್ಲಿ ಕರೆಂಟ್ ಇರಬಹುದು. ಸನ್ನೆಯ ಹಿಡಿಯನ್ನೇ ಇನ್ನೂ ತುಸು ಮೇಲಕ್ಕೆ ಎತ್ತಿ ನೋಡಿ, ಹಲವು ಟೋಸ್ಟರುಗಳಲ್ಲಿ ಅದಕ್ಕೆಂದೇ ಒಂದು ಇಂಚು ಹೆಚ್ಚುವರಿ ಜಿಗಿತ ಇರುತ್ತದೆ. ಅದೂ ಆಗದಿದ್ದರೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮರದ ಚಿಮ್ಮಟದಿಂದ ತೆಗೆಯಿರಿ. ‘ಬೆಲ್ಜಿಯನ್’ ಎಂದು ಬರೆದಿರುವ ದಪ್ಪನೆಯವು ಕಿರಿದಾದ ಟೋಸ್ಟರಿನಲ್ಲಿ ಹೋಗುವಾಗ ಹೋಗುತ್ತವೆ, ಬರುವಾಗ ಬರುವುದಿಲ್ಲ. ಬೆಂದು ಉಬ್ಬಿ ಗೋಡೆಗೆ ಕಚ್ಚಿಕೊಂಡರೆ ಸನ್ನೆ ಮೇಲೇಳದೆ ಸೀಯುತ್ತಲೇ ಇರಬಹುದು. ಒತ್ತಿ ತುರುಕಬೇಕಾದ್ದು ಟೋಸ್ಟರಿನದಲ್ಲ, ಓವನ್ನಿನದು ಎಂದು ತಿಳಿಯಿರಿ. ಚಾಕೊಲೇಟ್ ಚೂರು, ಹಣ್ಣಿನ ತುಣುಕು ಇರುವವೂ ಅಷ್ಟೆ, ಸೋರಿ ಕೆಳಗಿನ ತಟ್ಟೆಯಲ್ಲಿ ಸೀಯುತ್ತವೆ. ಬೆಣ್ಣೆ ಹಚ್ಚಿ ಆದಮೇಲೆ ‘ಇನ್ನೂ ಸ್ವಲ್ಪ ಬಿಸಿಯಾಗಲಿ’ ಎಂದು ಮತ್ತೆ ಟೋಸ್ಟರಿಗೆ ಇಳಿಸುವುದಂತೂ ಬೆಂಕಿಗೆ ಆಮಂತ್ರಣ ಪತ್ರಿಕೆ ಕಳಿಸಿದ ಹಾಗೆ. ಅಂದಹಾಗೆ ಟೋಸ್ಟರಿನ ತಳದಲ್ಲಿ ಪುಡಿ ಬೀಳುವ ತಟ್ಟೆಯೊಂದಿದೆ, ಎಳೆದರೆ ಹೊರಬರುತ್ತದೆ. ವಾರಕ್ಕೊಮ್ಮೆ ಎಳೆಯಿರಿ.

ಟೋಸ್ಟರ್ ಇಲ್ಲದವರು ಮೊದಲು ಮೊರೆಹೋಗುವುದು ಮೈಕ್ರೋವೇವ್‌ಗೆ, ಮೊದಲು ಮೋಸ ಹೋಗುವುದೂ ಅಲ್ಲೇ. ಮೈಕ್ರೋವೇವ್ ನೀರನ್ನು ಒಳಗಿಂದಲೇ ಕುಣಿಸುತ್ತದೆ, ಆದರೆ ಪೆಟ್ಟಿಗೆಯೊಳಗಿನ ಗಾಳಿ ತಣ್ಣಗೇ ಇರುತ್ತದೆ. ಒಳಗೆದ್ದ ಹಬೆ ಹೊರಮೈಗೆ ಬಂದು ಅಲ್ಲೇ ಬೆವರಾಗಿ ಕೂರುತ್ತದೆ. ಒಣಗಿಸುವವರು ಯಾರೂ ಇಲ್ಲ. ಅರ್ಧ ನಿಮಿಷಕ್ಕೆ ಮೆತ್ತಗಿನ ಸ್ಪಂಜು, ಒಂದೂವರೆ ನಿಮಿಷಕ್ಕೆ ಚರ್ಮ, ತಟ್ಟೆಯಲ್ಲಿ ಆರಿದ ಮೇಲೆ ಬೂಟಿನ ತಳ.

ಬೂಟಿನ ತಳ ಎಂದದ್ದು ಬರೀ ಉಪಮೆಯಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಓಟದ ಕೋಚ್ ಬಿಲ್ ಬವರ್‌ಮನ್ 1971ರಲ್ಲಿ ಹೆಂಡತಿಯ ವಾಫಲ್ ಅಚ್ಚನ್ನು ನೋಡಿ, ಈ ಗುಳಿಗಳನ್ನೇ ತಿರುಗುಮುರುಗು ಮಾಡಿದರೆ ಓಟದ ಬೂಟಿಗೆ ಒಳ್ಳೆಯ ಹಿಡಿತ ಸಿಗುತ್ತದಲ್ಲ ಎಂದು ಅದಕ್ಕೆ ರಬ್ಬರಿನಂತೆ ಗಟ್ಟಿಯಾಗುವ ಯುರೆಥೇನ್ ಸುರಿದರು. ಅಂಟದಂತೆ ಏನೂ ಸವರಿರಲಿಲ್ಲ. ಅಚ್ಚು ಬಾಯಿ ಮುಚ್ಚಿಕೊಂಡದ್ದು ಮತ್ತೆ ತೆರೆಯಲಿಲ್ಲ. ಆಮೇಲೆ ನೈಕಿಯ ಹೆಸರಾಂತ ವಾಫಲ್ ತಳದ ಬೂಟುಗಳು ಬಂದದ್ದು ಆ ಉಪಾಯದಿಂದಲೇ. ಬೆಳಗಿನ ತಿಂಡಿ ಹಾಳುಮಾಡಿ ಹೆಸರು ಗಳಿಸಿದವರಲ್ಲಿ ಅವರಿಗೆ ಸಾಟಿ ಸಿಗುವುದು ಕಷ್ಟ. ಉಳಿದವರು ಮೈಕ್ರೋವೇವನ್ನು ಇಪ್ಪತ್ತು ಸೆಕೆಂಡು ಮಾತ್ರ, ಮಂಜು ಬಿಡಿಸಲಷ್ಟೇ ಬಳಸಿ, ತಕ್ಷಣ ಬೇರೆ ಒಣ ಬಿಸಿಗೆ ವರ್ಗಾಯಿಸಿದರೆ ಸಾಕು.

ಒಣ ಬಿಸಿಗೆ ಕಾವಲಿಯೂ ಆದೀತು. ಆದರೆ ಕಾವಲಿಗೆ ತಾಗುವುದು ವಾಫಲ್‌ನ ಏಣುಗಳು ಮಾತ್ರ, ಗುಳಿಗಳ ತಳ ತಣ್ಣಗೇ ಉಳಿಯುತ್ತದೆ. ಹೀಗಾಗಿ ಮಧ್ಯಮ ಉರಿಯಲ್ಲಿ ಮೊದಲ ಒಂದು ನಿಮಿಷ ಮುಚ್ಚಳ ಹಾಕಿ ಹಬೆಯಿಂದ ಮಂಜು ಕರಗಿಸಿ, ಆಮೇಲೆ ಮುಚ್ಚಳ ತೆಗೆದು ಎರಡೂ ಬದಿ ಒಂದೊಂದೂವರೆ ನಿಮಿಷ ಒಣಗಿಸಬೇಕು. ಮುಚ್ಚಳ ಮುಚ್ಚಿಯೇ ಬಿಟ್ಟರೆ ಮೈಕ್ರೋವೇವ್ ಕಥೆಯೇ. ಏರ್ ಫ್ರೈಯರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: 180 ಡಿಗ್ರಿ ಸೆಲ್ಸಿಯಸ್, ಮೂರರಿಂದ ನಾಲ್ಕು ನಿಮಿಷ, ನಡುವೆ ಒಮ್ಮೆ ಮಗುಚುವುದು, ಎಣ್ಣೆ ಬೇಡ. ಒಂದರ ಮೇಲೊಂದು ಪೇರಿಸಿದರೆ ಗಾಳಿಗೆ ದಾರಿಯಿಲ್ಲದೆ ನಡುವಿನವು ಮೆತ್ತಗಾಗುತ್ತವೆ. ನಾಲ್ಕಕ್ಕಿಂತ ಹೆಚ್ಚು ಬೇಕಿದ್ದರೆ 200 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್, ಆರರಿಂದ ಎಂಟು ನಿಮಿಷ, ತಟ್ಟೆಯ ಮೇಲಲ್ಲ, ತಂತಿಯ ಜಾಲರಿಯ ಮೇಲೆ.

ಆಗಿದೆಯೋ ಇಲ್ಲವೋ ಎಂಬುದಕ್ಕೆ ಬಣ್ಣಕ್ಕಿಂತ ಕಿವಿ ನಂಬಿಕಸ್ಥ. ಉಗುರಿನಿಂದ ನಡುವಿಗೆ ತಟ್ಟಿ. ‘ಟಕ್ ಟಕ್’ ಎಂದರೆ ಆಗಿದೆ. ‘ದಪ್’ ಎಂದರೆ ಒಳಗೆ ನೀರು ಇನ್ನೂ ಮನೆ ಖಾಲಿ ಮಾಡಿಲ್ಲ.

ಇಷ್ಟೆಲ್ಲ ಪರದಾಡಿ ಗರಿಗರಿ ಮಾಡಿದ್ದನ್ನು ಕೊನೆಯ ಒಂದು ನಿಮಿಷದಲ್ಲಿ ಕೆಡಿಸುವುದು ತಟ್ಟೆ. ಬಿಸಿ ವಾಫಲ್ ಅನ್ನು ತಣ್ಣನೆಯ ಪಿಂಗಾಣಿಯ ಮೇಲೆ ಅಡ್ಡಡ್ಡ ಮಲಗಿಸಿದರೆ ಅಡಿಯಿಂದ ಹೊರಟ ಹಬೆಗೆ ಹೋಗಲು ಜಾಗವಿಲ್ಲ. ಎರಡು ನಿಮಿಷ ಬಿಟ್ಟು ಎತ್ತಿ ನೋಡಿ, ತಟ್ಟೆಯ ಮೇಲೆ ವಾಫಲ್‌ನದೇ ಬೆವರಿನ ಚಿತ್ರ, ಚೌಕ ಚೌಕವಾಗಿ, ಅಚ್ಚುಕಟ್ಟಾಗಿ ಮೂಡಿರುತ್ತದೆ. ಮೇಲ್ಮೈ ಗರಿಗರಿ, ತಳ ಗಂಜಿ. ಜಾಲರಿಯಿದ್ದರೆ ಅದರ ಮೇಲೆ ಒಂದು ನಿಮಿಷ ಆರಲು ಬಿಡಿ. ಇಲ್ಲವಾದರೆ ಎರಡು ವಾಫಲ್‌ಗಳನ್ನು ಒಂದಕ್ಕೊಂದು ಒರಗಿಸಿ ಗುಡಾರದಂತೆ ನಿಲ್ಲಿಸಿ. ನೋಡಿದವರು ಏನೆಂದುಕೊಂಡರೂ ಪರವಾಗಿಲ್ಲ, ಎರಡೂ ಬದಿಗೆ ಗಾಳಿ ಆಡುತ್ತದೆ. ಬಿಸಿ ಆರಬಾರದೆಂದು ಮೇಲೊಂದು ತಟ್ಟೆ ಕವುಚುವ ಕಾಳಜಿವಂತರಿಗೆ ಕೈಮುಗಿದು ಹೇಳುವುದು: ಬೇಡ.

ಈಗ ಬರುತ್ತದೆ ‘ಲೈಟ್ ತಿಂಡಿ’ ಎಂಬ ಮಾತಿನ ಲೆಕ್ಕಪರಿಶೋಧನೆ. ಸಾದಾ ದುಂಡು ವಾಫಲ್ ಒಂದು ಸುಮಾರು 35 ಗ್ರಾಂ ತೂಗುತ್ತದೆ, 90ರಿಂದ 100 ಕ್ಯಾಲೊರಿ. ಪರಮ ಸಾಧು. ಅದರ ಮೇಲೆ ಒಂದು ದೊಡ್ಡ ಚಮಚ ಬೆಣ್ಣೆ ಬಿತ್ತು, 100. ಬಾಟಲಿ ಬೋರಲು ಹಾಕಿ ಕಾಲು ಕಪ್ ಮೇಪಲ್ ಸಿರಪ್ ಸುರಿಯಿತು, 200ಕ್ಕೂ ಮೇಲೆ. ಮೂಗಿಗಿಂತ ಮೂಗುತಿ ಭಾರ. ಆಮೇಲೆ ಕೆನೆ, ಚಾಕೊಲೇಟ್ ಸಾಸು, ಅದರ ಮೇಲೆ ಆರೋಗ್ಯಕ್ಕೆಂದು ಒಂದೇ ಒಂದು ಸ್ಟ್ರಾಬೆರಿ. ಆ ಒಂಟಿ ಸ್ಟ್ರಾಬೆರಿಯ ಮೇಲೆ ಇರುವಷ್ಟು ಹೊಣೆ ಬೇರೆ ಯಾವ ಹಣ್ಣಿನ ಮೇಲೂ ಇಲ್ಲ.

ನಿಜವಾಗಿ ಹಗುರವಾಗಬೇಕೆಂದರೆ: ಒಂದು ವಾಫಲ್, ಎರಡು ದೊಡ್ಡ ಚಮಚ ಗಟ್ಟಿ ಮೊಸರು, ಅರ್ಧ ಬಾಳೆಹಣ್ಣು, ಒಂದು ಚಹಾ ಚಮಚ ಜೇನು. ಒಟ್ಟು 190 ಕ್ಯಾಲೊರಿಯ ಆಸುಪಾಸು. ಕೈ ಕೆಸರಾದರೆ ಬಾಯಿ ಮೊಸರು ಎಂದರು, ಆದರೆ ಇಲ್ಲಿ ಮೊಸರು ಹಾಕುವ ಹೊತ್ತು ತಪ್ಪಿದರೆ ಎಲ್ಲವೂ ಕೆಸರೇ. ಕುದಿಬಿಸಿ ವಾಫಲ್ ಮೇಲೆ ಮೊಸರು ಬಿದ್ದರೆ ಅದು ತೆಳ್ಳಗಾಗಿ, ನೀರು ಬಿಟ್ಟುಕೊಂಡು, ಗುಳಿಗಳಲ್ಲೆಲ್ಲ ಕೆರೆ ಕಟ್ಟುತ್ತದೆ. ವಾಫಲ್ ಒಂದು ನಿಮಿಷ ಆರಿರಬೇಕು. ಮೊಸರಿನ ಮೇಲೆ ನಿಂತ ತಿಳಿನೀರನ್ನು ಮೊದಲೇ ಬಸಿದಿರಬೇಕು. ತೆಳು ಬಟ್ಟೆಯಲ್ಲಿ ಅರ್ಧ ಗಂಟೆ ಕಟ್ಟಿಟ್ಟರೆ ಇನ್ನೂ ಮೇಲು, ಆದರೆ ಎರಡು ನಿಮಿಷದ ತಿಂಡಿಗೆ ಅರ್ಧ ಗಂಟೆಯ ಪೂರ್ವಸಿದ್ಧತೆ ಎಂದರೆ ಯಾರು ಕೇಳುತ್ತಾರೆ.

ಬದಲಿಗೆ ಒಂದು ಸುಲಭದ ಉಪಾಯವಿದೆ: ನೀರಿರುವುದಕ್ಕಿಂತ ಮೊದಲು ಜಿಡ್ಡಿರುವುದನ್ನು ಹಚ್ಚುವುದು. ತೆಳ್ಳಗೆ ಕಡಲೆಕಾಯಿ ಬೆಣ್ಣೆ ಸವರಿದರೆ ಅದು ಗುಳಿಗಳಿಗೆ ಇಳಿದು ನೀರು ಒಳಸೇರದಂತೆ ತಡೆಗೋಡೆಯಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಗಟ್ಟಿ ಕಡಲೆಕಾಯಿ ಬೆಣ್ಣೆಯನ್ನು ಚಾಕುವಿನಿಂದ ಎಳೆದರೆ ವಾಫಲ್ ಪುಡಿಪುಡಿ. ಒಂದು ದೊಡ್ಡ ಚಮಚದಷ್ಟನ್ನು ಬಿಸಿ ವಾಫಲ್ ನಡುವೆ ಇಟ್ಟು ಇಪ್ಪತ್ತು ಸೆಕೆಂಡು ಸುಮ್ಮನಿರಿ. ಅಂಚು ಕರಗಿ ಹೊಳೆಯತೊಡಗಿದಾಗ ಚಮಚದ ಬೆನ್ನಿನಿಂದ ಸವರಿದರೆ ತಾನೇ ಹರಿಯುತ್ತದೆ. ಇದರಿಂದ 95 ಕ್ಯಾಲೊರಿ ಸೇರುತ್ತದೆ, ನಿಜ. ಜೊತೆಗೆ ಮೂರೂವರೆ ಗ್ರಾಂನಷ್ಟು ಪ್ರೋಟೀನೂ ಬರುತ್ತದೆ. ಬರೀ ವಾಫಲ್‌ನಲ್ಲಿ ಪ್ರೋಟೀನ್ ಎರಡು ಎರಡೂವರೆ ಗ್ರಾಂ, ನಾರು ಹೆಸರಿಗಷ್ಟೆ. ಅದನ್ನೊಂದೇ ತಿಂದು ಹೊರಟವರ ಹೊಟ್ಟೆ ಹತ್ತು ಗಂಟೆಯ ಮೀಟಿಂಗಿನಲ್ಲಿ ಎಲ್ಲರಿಗಿಂತ ಮೊದಲು ಮಾತಾಡುತ್ತದೆ. ಸಿಹಿ ಬೇಡವಾದವರು ಬೇಯಿಸಿದ ಮೊಟ್ಟೆಯ ಬಿಲ್ಲೆ, ಚೀಸ್ ಹಾಳೆ, ಕಾಳುಮೆಣಸಿನ ಪುಡಿ ಇಟ್ಟು ಮೇಲೊಂದು ವಾಫಲ್ ಮುಚ್ಚಬಹುದು. ಮೊಟ್ಟೆಯೊಂದೇ ಆರು ಗ್ರಾಂ ಪ್ರೋಟೀನ್ ತರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಹೊರಡುವವರು ಬಿಸಿಯಿದ್ದಾಗಲೇ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದರೆ ಹಬೆ ಒಳಗೇ ಸಿಕ್ಕಿಕೊಂಡು ಮತ್ತದೇ ಗಂಜಿ. ಎರಡು ನಿಮಿಷ ಆರಿಸಿ, ಕಾಗದದಲ್ಲಿ ಸುತ್ತಿ.

ಫ್ರೋಜನ್ ಬೆರಿ ಹಣ್ಣುಗಳನ್ನು ನೇರ ಮೇಲೆ ಸುರಿಯುವವರು ವಾಫಲ್‌ಗೆ ಎರಡನೇ ಚಳಿಗಾಲ ತಂದಂತೆ. ಕರಗುತ್ತ ಕರಗುತ್ತ ಅವು ಬಿಡುವ ನೇರಳೆ ನೀರು ಮೊದಲು ವಾಫಲ್‌ಗೆ, ಆಮೇಲೆ ತಟ್ಟೆಗೆ, ಕೊನೆಗೆ ಬಿಳಿ ಅಂಗಿಗೆ ಹೋಗುತ್ತದೆ. ಬಟ್ಟಲಲ್ಲಿ ಬೇರೆಯಾಗಿ ಒಂದು ನಿಮಿಷ ಬಿಸಿ ಮಾಡಿ, ಜರಡಿಯಲ್ಲಿ ಸೋಸಿ, ಹಣ್ಣು ವಾಫಲ್‌ಗೆ, ರಸ ಮೊಸರಿಗೆ. ತಾಜಾ ಹಣ್ಣಾದರೆ ಹೆಚ್ಚಿ ಸಕ್ಕರೆ ಉದುರಿಸಿ ಹಾಗೇ ಇಟ್ಟಿರಬೇಡಿ, ಸಕ್ಕರೆ ರಸವನ್ನು ಹೊರಗೆಳೆಯುತ್ತದೆ.

ಉಳಿದ ವಾಫಲ್‌ಗಳ ಚೀಲದ ಬಾಯನ್ನು ಹಾಗೇ ತೆರೆದಿಟ್ಟು ಫ್ರೀಜರಿಗೆ ದೂಡುವುದು ಇನ್ನೊಂದು ವಾಡಿಕೆ. ಫ್ರೀಜರಿನ ಒಣ ಗಾಳಿಯಲ್ಲಿ ಮಂಜು ನೀರಾಗದೆಯೇ ಆವಿಯಾಗಿ ಹೋಗುತ್ತದೆ, ಮೈಮೇಲೆ ಬಿಳಿ ಒಣ ಮಚ್ಚೆ ಏಳುತ್ತದೆ, ಪಕ್ಕದ ಮೀನಿನ ವಾಸನೆ ಉಚಿತವಾಗಿ ಸೇರಿಕೊಳ್ಳುತ್ತದೆ. ಗಾಳಿ ಒತ್ತಿ ತೆಗೆದು ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ, ಬಾಗಿಲಿನ ಕಪಾಟಿನಲ್ಲಲ್ಲದೆ ಒಳಗಿಡಿ. ಖಾಲಿ ಪೆಟ್ಟಿಗೆಯನ್ನು ಮಡಚಿ ಮತ್ತೆ ಫ್ರೀಜರಿನಲ್ಲೇ ಇಡುವ ಮನೆಮಂದಿಗೆ ಮಾತ್ರ ಇನ್ನೂ ಯಾವ ಪರಿಹಾರವೂ ಸಿಕ್ಕಿಲ್ಲ.

ಎಲ್ಲ ಸರಿಯಾಗಿ ಮಾಡಿದರೂ ಗರಿಗರಿ ವಾಫಲ್‌ನ ಆಯಸ್ಸು ಐದಾರು ನಿಮಿಷ. ಸರಿಯಾಗಿ ಆಗಲೇ ಯಾರೋ ಬಾಗಿಲು ಬಡಿಯುತ್ತಾರೆ. ಮೇಲೆ ಏನೂ ಹಚ್ಚಿರದಿದ್ದರೆ ಟೋಸ್ಟರಿನ 1ರಲ್ಲಿ ಇನ್ನೊಂದು ಸುತ್ತು ಕೊಡಿ, ಜೀವ ಬರುತ್ತದೆ. ಮೊಸರು, ಜೇನು, ಹಣ್ಣು ಎಲ್ಲ ಬಿದ್ದು ಮೆತ್ತಗಾಗಿದ್ದರೆ ಚೌಕ ಚೌಕವಾಗಿ ಕತ್ತರಿಸಿ ಬಟ್ಟಲಿಗೆ ಹಾಕಿ, ಇನ್ನೆರಡು ಚಮಚ ಮೊಸರು ಸುರಿದು, ಫೋರ್ಕ್ ತೆಗೆದಿಟ್ಟು ಚಮಚ ಕೊಡಿ. ಯಾರಾದರೂ ಇದೇನು ಎಂದು ಕೇಳಿದರೆ ಪುಡಿಂಗ್ ಅನ್ನಿ.